ಹನ್ನೆರಡು ಜನರ ಉಸಿರು

ಆ ದಿನ ಬೆಳಗ್ಗೆ ಹತ್ತೂವರೆಯ ಹೊತ್ತಿಗೆ ಜಬೀನಾ ನೂರಾ ಹದಿನಾರು ಜನರ ಉಸಿರನ್ನು ತಿರಸ್ಕರಿಸಿದ್ದಳು.

ತಿರಸ್ಕರಿಸುವುದೇ ಅವಳ ಕೆಲಸ. ದಾವಣಗೆರೆಯಲ್ಲಿ ಮುಚ್ಚಿಹೋಗಿದ್ದ ಹತ್ತಿ ಗಿರಣಿಯೊಂದನ್ನು ಸರಿಪಡಿಸಿ ‘ಜನರಕ್ಷೆ’ಯ ಪ್ರಾದೇಶಿಕ ನಿಯಂತ್ರಣ ಕೇಂದ್ರ ಮಾಡಿದ್ದರು. ಆರು ಜಿಲ್ಲೆಗಳ ಉಸಿರು ಅಲ್ಲಿಗೆ ಬರುತ್ತಿತ್ತು. ಎರಡನೇ ಮಹಡಿಯ ಮೂಲೆಯ ಮೇಜಿನಲ್ಲಿ ಕೂತ ಜಬೀನಾಳ ಪರದೆಯ ಮೇಲೆ ಒಂದೊಂದು ಉಸಿರೂ ಒಂದು ಏರಿಳಿತದ ಗೆರೆಯಾಗಿ ಮೂಡುತ್ತಿತ್ತು. ಹೆಸರಿಲ್ಲ, ಊರಿಲ್ಲ, ಬರೀ ಒಂದು ಸಂಖ್ಯೆ. ಗೆರೆಯ ಎಡ ಮೂಲೆಯಲ್ಲಿ ಒಂಟೆಯ ಡುಬ್ಬದ ಹಾಗೆ ಉಬ್ಬು ಕಂಡರೆ ಮಾದರಿ ಕಲುಷಿತ ಎಂದರ್ಥ. ಯಂತ್ರ ಮೊದಲೇ ಹಾಗೆಂದು ಹೇಳಿರುತ್ತಿತ್ತು. ಮನುಷ್ಯರೊಬ್ಬರು ನೋಡಿ ‘ಖಚಿತ’ ಒತ್ತಬೇಕು ಎಂಬ ನಿಯಮವಿದ್ದುದರಿಂದ ಅವಳು ಒತ್ತುತ್ತಿದ್ದಳು. ಒಂದಕ್ಕೆ ಮೂರು ಸೆಕೆಂಡು.

ಜನರಕ್ಷೆ ಬಂದು ಏಳು ವರ್ಷವಾಗಿತ್ತು. ಅದಕ್ಕೆ ಮೊದಲು ಬಡವರು ಕಾಯಿಲೆ ಬಿದ್ದರೆ ಕಾರ್ಡು, ಆದಾಯ ಪ್ರಮಾಣಪತ್ರ, ಹೆಬ್ಬೆಟ್ಟು, ಶಿಫಾರಸು ಪತ್ರ ಎಂದು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು. ಈಗ ಅದ್ಯಾವುದೂ ಇಲ್ಲ. ಔಷಧಿ ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಇಟ್ಟಿರುವ ಒಂದು ಸಣ್ಣ ಯಂತ್ರಕ್ಕೆ ಊದಿದರೆ ಸಾಕು. ಶ್ವಾಸಮಾಪಕ ಎಂಬುದು ಅದರ ಸರ್ಕಾರಿ ಹೆಸರು. ಜನ ಅದನ್ನು ಊದುಗೊಳವೆ ಎಂದೇ ಕರೆದರು. ಸಕ್ಕರೆ ಕಾಯಿಲೆ ಮಿತಿಮೀರಿದವರ ಬಾಯಿಂದ ಹಣ್ಣು ಕೊಳೆತ ವಾಸನೆ ಬರುವುದನ್ನು ಹಿಂದಿನ ವೈದ್ಯರು ಮೂಗಿನಿಂದಲೇ ಹಿಡಿಯುತ್ತಿದ್ದರಲ್ಲ, ಇದು ಅದಕ್ಕಿಂತ ಲಕ್ಷ ಪಾಲು ಚುರುಕಾದ ಮೂಗು. ಒಂದೊಂದು ಕಾಯಿಲೆಯೂ ಉಸಿರಿನಲ್ಲಿ ಬಿಡುವ ಅಣುಗಳ ಗುರುತು ಅದಕ್ಕೆ ಗೊತ್ತು. ಮೊದಲು ಅದು ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆಮೇಲೆ ಮನುಷ್ಯರ ಉಸಿರನ್ನು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ದೇಹದ ಸುದ್ದಿ. ಹಳದಿ ದೀಪ ಬಂದರೆ ಆರೋಗ್ಯ. ಹಸಿರು ಬಂದರೆ ಕಾಯಿಲೆ. ಆ ಗಳಿಗೆಯಿಂದಲೇ ಯಾವ ಆಸ್ಪತ್ರೆಯಲ್ಲಾದರೂ ಚಿಕಿತ್ಸೆ ಸರ್ಕಾರದ್ದು. ಕಾಯಿಲೆಯ ದೀಪವಾದರೂ ಜನ ಹಸಿರೇ ಬರಲಿ ಎಂದು ಹರಕೆ ಹೊತ್ತು ಊದುತ್ತಿದ್ದರು. ಕ್ಷಯ, ಕ್ಯಾನ್ಸರುಗಳು ಮೊಳಕೆಯಲ್ಲೇ ಸಿಕ್ಕವು. ಎಷ್ಟೋ ಮನೆಗಳು ಉಳಿದವು. ಅದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ.

ಕೆಂಪು ಬಂದರೆ ಮಾತ್ರ ಕಷ್ಟ. ಶುರುವಿನಲ್ಲಿ ಕೆಲವರು ಪೆಟ್ರೋಲು ಮೂಸಿ, ಏನೇನೋ ಹೊಗೆ ಕುಡಿದು ಬಂದು ಯಂತ್ರವನ್ನು ಯಾಮಾರಿಸಿದ್ದರು. ಹಾಗಾಗಿ ಸಾಲಾಗಿ ಮೂರು ಸಲ ಕೆಂಪು ಬಂದರೆ ತೊಂಬತ್ತು ದಿನ ರಕ್ಷೆಗೆ ಬೀಗ ಎಂದು ನಿಯಮವಾಯಿತು.

ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಜಬೀನಾಳ ಫೋನು ಅದುರಿತು. ಅಣ್ಣನ ಮಗಳು ಅಫ್ಶೀನ್.

“ಫುಪ್ಪು, ಅಮ್ಮಿ ಭಟ್ಟೀಲಿ ಬಿದ್ದುಬಿಟ್ಲು. ಆಸ್ಪತ್ರೆಗೆ ಕರಕೊಂಡು ಬಂದೀವಿ. ತುಟಿ ಎಲ್ಲಾ ನೀಲಿ ಆಗೈತೆ. ಊದಿಸಿದ್ರು, ಕೆಂಪು ಬಂತು. ಇದು ಮೂರನೇದಂತೆ. ರಕ್ಷೆ ಇಲ್ಲ ಅಂತಾರೆ. ಬೇಗ ಬಾ.”

ಅಣ್ಣ ತೀರಿಕೊಂಡ ಮೇಲೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಆ ಮನೆಯನ್ನು ಹೊತ್ತವಳು ಅತ್ತಿಗೆ ಮೆಹರುನ್ನೀಸಾ, ಜಬೀನಾಳ ಭಾಬಿ. ಜಬೀನಾ ಆಗ ಪಿಯುಸಿ. ಅವಳೂ ರಜೆಯಲ್ಲಿ ಅದೇ ಭಟ್ಟಿಯಲ್ಲಿ ಮರಳು ಜರಡಿ ಹಿಡಿದವಳು. “ಈ ಹೊಗೆಗೆ ನಾನೊಬ್ಬಳು ಸಾಕು, ನೀನು ಲ್ಯಾಬ್ ಕೋರ್ಸಿಗೆ ಹೋಗು” ಎಂದು ಅವಳನ್ನು ಅಲ್ಲಿಂದ ಎಬ್ಬಿಸಿ ಕಳಿಸಿದ್ದು ಭಾಬಿಯೇ.

ಆಸ್ಪತ್ರೆಯಲ್ಲಿ ಭಾಬಿ ಮಲಗಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮಂಚದ ಮೇಲೆ ಎರಡು ಕೈ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಮುಖಕ್ಕೆ ಆಕ್ಸಿಜನ್ ಮಾಸ್ಕು. ಒಂದೊಂದು ಉಸಿರಿಗೂ ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿಯುತ್ತಿದ್ದವು.

“ಕೆಲಸ ಬಿಟ್ಟು ಯಾಕೆ ಬಂದೆ?” ಎಂದಳು ಮಾಸ್ಕಿನ ಒಳಗಿಂದ.

“ಎರಡು ಸಲ ಕೆಂಪು ಬಂದಾಗಲೇ ನನಗೆ ಯಾಕೆ ಹೇಳಲಿಲ್ಲ ಭಾಬಿ?”

“ನಿನ್ನ ಆಫೀಸಿಂದು... ನಿನಗೆ ಕೆಟ್ಟ ಹೆಸರು ಬಂದೀತು ಅಂತ.” ಅವಳು ಮಾತು ನಿಲ್ಲಿಸಿ ಉಸಿರು ಹುಡುಕಿಕೊಂಡಳು. “ನನ್ನ ಉಸಿರೇ ಗಲೀಜಂತೆ, ಜಬ್ಬೂ.”

ಡಾಕ್ಟರ್ ತಿಪ್ಪೇಸ್ವಾಮಿ ಜಬೀನಾಳನ್ನು ಹೊರಗೆ ಕರೆದು ಸ್ಕ್ಯಾನ್ ತೋರಿಸಿದರು. ಶ್ವಾಸಕೋಶ ಕಲ್ಲು ಹಾಸಿದ ಅಂಗಳದ ಹಾಗೆ ಕಾಣುತ್ತಿತ್ತು.

“ಭತ್ತದ ಹೊಟ್ಟಿನ ಬೂದಿ, ಮರಳಿನ ನುಣ್ಣನೆ ಪುಡಿ. ವರ್ಷಗಟ್ಟಲೆ ಒಳಗೆ ಹೋಗಿದೆ. ಅದನ್ನು ಮುಚ್ಚೋಕೆ ಶ್ವಾಸಕೋಶ ಹಾಲಿನಂಥ ದ್ರವ ಸುರಿಸ್ತಾ ಇದೆ. ಈಗ ಅದರಲ್ಲೇ ಮುಳುಗ್ತಿದಾರೆ. ತೊಳೀಬೇಕು. ಒಂದು ಶ್ವಾಸಕೋಶದಲ್ಲಿ ಉಸಿರಾಡಿಸ್ತಾ ಇನ್ನೊಂದಕ್ಕೆ ಉಪ್ಪುನೀರು ತುಂಬಿ, ಬಸಿದು, ಮತ್ತೆ ತುಂಬಿ... ಹದಿನೈದು ಸಲ. ಯಂತ್ರ ಇದೆ, ನಾನಿದೀನಿ. ಆದರೆ ರಕ್ಷೆಯ ಸಂಖ್ಯೆ ತೆರೆಯದೆ ಆ ಆಪರೇಷನ್ ಥಿಯೇಟರಿನ ಬಾಗಿಲೇ ತೆರೆಯಲ್ಲಮ್ಮ.”

“ಸ್ಕ್ಯಾನ್ ಇದೆಯಲ್ಲ ಸರ್? ನೀವು ಬರೆದುಕೊಟ್ರೆ?”

“ಡಾಕ್ಟರ ಮಾತು ನಡೀತಿದ್ದ ಕಾಲ ಹೋಯ್ತು. ನಮ್ಮವರೇ ಅದನ್ನು ಕೆಡಿಸಿಕೊಂಡ್ರು.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಆಕ್ಸಿಜನ್ ಕೊಡಬಲ್ಲೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಸಂಜೆ ಐದರ ತನಕ ಹೇಗೋ ತಡೀತಾರೆ. ನಾಳೆ ಅನ್ನೋ ಮಾತು ಬೇಡ.”

ಅಫ್ಶೀನ್ ಕೈಯಲ್ಲಿ ಯಂತ್ರ ಉಗುಳಿದ ಕೆಂಪು ಚೀಟಿ ಇತ್ತು. ಜಬೀನಾ ಅದನ್ನು ಬಿಡಿಸಿ ನೋಡಿದಳು. ಒಂದು ಸಂಖ್ಯೆ. ಕೆಳಗೆ ಸಮಯ: ಒಂಬತ್ತು ಗಂಟೆ ಹನ್ನೆರಡು ನಿಮಿಷ.

ಒಂಬತ್ತು ಹನ್ನೆರಡಕ್ಕೆ ಆ ಮೂಲೆಯ ಮೇಜಿನಲ್ಲಿ ಕೂತಿದ್ದವಳು ತಾನೇ. ಅವಳು ಚೀಟಿ ಮಡಚಿ ಕುರ್ತಾದ ಜೇಬಿಗೆ ಹಾಕಿಕೊಂಡಳು.

ಹನ್ನೆರಡಕ್ಕೆ ಮತ್ತೆ ನಿಯಂತ್ರಣ ಕೇಂದ್ರ. ಊದುಗೊಳವೆಗಳ ಅಳತೆ ಸರಿಪಡಿಸುವ ಅಧಿಕಾರವೂ ಅವಳಿಗಿದ್ದುದರಿಂದ ಯಾವ ಯಂತ್ರದಿಂದ ಯಾವ ಮಾದರಿ ಬಂದಿದೆ ಎಂದು ತೆಗೆದು ನೋಡಬಹುದಿತ್ತು. ಕೆಲಸಕ್ಕೆ ಸೇರಿದ ಮೂರು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ. ನೋಡಬೇಕಾದ ಪ್ರಮೇಯ ಬಂದಿರಲಿಲ್ಲ. ಈಗ ನೋಡಿದಳು. ಮಂಡಕ್ಕಿ ಭಟ್ಟಿಗಳ ಸುತ್ತ, ಆ ಆಸ್ಪತ್ರೆಯದೂ ಸೇರಿ, ಮೂರು ಯಂತ್ರಗಳಿದ್ದವು. ಆ ಮೂರರಿಂದ ಸದ್ಯ ಬೀಗ ಬಿದ್ದಿರುವವರು ನಾನೂರ ಹನ್ನೆರಡು ಜನ. ಎಲ್ಲರ ಗೆರೆಯಲ್ಲೂ ಒಂದೇ ಡುಬ್ಬ, ಒಂದೇ ಎತ್ತರ. ನಾನೂರ ಹನ್ನೆರಡು ಜನ ಸೇರಿ ಒಂದೇ ಥರ ಮೋಸ ಮಾಡಲು ಸಾಧ್ಯವೇ?

ಅದು ಟಯರಿನ ಹೊಗೆ. ಭಟ್ಟಿಯಲ್ಲಿ ಹೊಟ್ಟಿನ ಜೊತೆ ಹಳೇ ಟಯರು ಉರಿಸುತ್ತಾರೆ. ಆ ಹೊಗೆಯ ಅಣುಗಳು ಮೈಯ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ ಉಸಿರಿನಲ್ಲಿ ಹೊರಬರುತ್ತವೆ. ಯಂತ್ರ ಕಳೆಯುತ್ತಿದ್ದುದು ಔಷಧಿ ಅಂಗಡಿಯ ಸ್ವಚ್ಛ ಗಾಳಿಯನ್ನು. ಹೊಗೆ ಹಾಗೆಯೇ ಉಳಿದು, ಅದರ ಹಿಂದೆ ಕಾಯಿಲೆಯ ಗುರುತು ಮರೆಯಾಗುತ್ತಿತ್ತು. ಯಾರಿಗೆ ರಕ್ಷೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಉಸಿರೇ ಯಂತ್ರಕ್ಕೆ ಬೇಡವಾಗಿತ್ತು.

ಕೇಂದ್ರದ ಮುಖ್ಯಸ್ಥ ವಿಶ್ವಾರಾಧ್ಯ ಅವಳ ಮಾತನ್ನು ಅಡ್ಡಬಾಯಿ ಹಾಕದೆ ಕೇಳಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಸಿಟ್ಟು ಮಾಡಿಕೊಳ್ಳದ ಮನುಷ್ಯ.

“ಬೀಗ ತೆಗೆಯೋದು ಸಮಿತಿ ಕೆಲಸ, ಜಬೀನಾ. ಅರ್ಜಿ ಹಾಕು. ಹದಿನಾಲ್ಕು ದಿನದಲ್ಲಿ ಕೂರ್ತಾರೆ.”

“ನಮ್ಮ ಭಾಬಿಗೆ ಐದು ಗಂಟೆ ಟೈಮಿದೆ ಸರ್.”

ಅವರು ಕಿಟಕಿಯ ಕಡೆ ತಿರುಗಿದರು. “ಈ ಯಂತ್ರ ಬರೋಕೆ ಮುಂಚೆ ನಾನು ತನಿಖೆ ವಿಭಾಗದಲ್ಲಿದ್ದೆ. ಒಂದು ತಾಲ್ಲೂಕಿನಲ್ಲಿ ಮೂವತ್ತೊಂದು ಹೆಂಗಸರ ಗರ್ಭಕೋಶ ತೆಗೆದಿದ್ರು. ಕಾಯಿಲೆಯೇ ಇರಲಿಲ್ಲ ಅವರಿಗೆ. ವಿಮೆ ಬರುತ್ತೆ ಅಂತ ತೆಗೆದಿದ್ರು. ಒಬ್ಬೊಬ್ಬರ ಹೇಳಿಕೆಯನ್ನೂ ನಾನೇ ಬರಕೊಂಡೆ. ಅವತ್ತಿಂದ ನನಗೆ ಮನುಷ್ಯರ ಮಾತಿಗಿಂತ ಈ ಗೆರೆ ಮೇಲೆ ನಂಬಿಕೆ. ಇದನ್ನು ಸಡಿಲ ಮಾಡು ಅಂದ್ರೆ ನನ್ನ ಕೈಲಿ ಆಗಲ್ಲ.”

“ಸಡಿಲ ಮಾಡೋದು ಬೇಡ ಸರ್. ಅಳತೆ ಸರಿ ಮಾಡೋಣ. ಅಂಗಡಿ ಗಾಳಿ ಬದಲು ಭಟ್ಟಿಯ ಗಾಳಿಯನ್ನೇ ಕಳೆಯೋಕೆ ಆಧಾರ ಅಂತ ಹಿಡಿಯೋಣ. ಆ ಹೊಗೆ ಕುಡಿದೂ ಕಾಯಿಲೆ ಬೀಳದ ಹನ್ನೆರಡು ಜನರ ಉಸಿರು ಸಿಕ್ಕರೆ, ಹೊಗೆ ಯಾವುದು ಕಾಯಿಲೆ ಯಾವುದು ಅಂತ ಯಂತ್ರವೇ ಬೇರೆ ಮಾಡುತ್ತೆ.”

“ಅಲ್ಲಿರೋರಲ್ಲಿ ಹೆಚ್ಚಿನವರಿಗೆ ಬೀಗ ಬಿದ್ದಿದೆ. ಬೀಗ ಇರುವಾಗ ಊದಿದರೆ ಒಂದು ವರ್ಷ ರದ್ದು. ಊದುಗೊಳವೆಗೆ ಹೆಸರು ಬೇಡ, ಉಸಿರಲ್ಲೇ ಗುರುತು ಹಿಡಿಯುತ್ತೆ. ನಿನ್ನ ಲೆಕ್ಕ ತಪ್ಪಾದ್ರೆ?”

ಅಳತೆ ಸರಿಪಡಿಸುವ ಊದುಗೊಳವೆಯನ್ನು ಚೀಲಕ್ಕೆ ಹಾಕಿಕೊಂಡು ಜಬೀನಾ ಮೆಟ್ಟಿಲಿಳಿದಳು. ವಿಶ್ವಾರಾಧ್ಯ ಹೋಗು ಎನ್ನಲಿಲ್ಲ; ತಡೆಯಲೂ ಇಲ್ಲ.

ಮುಂಜಾನೆ ಹಚ್ಚಿದ ಬೆಂಕಿಯನ್ನು ಭಟ್ಟಿಯಲ್ಲಿ ಆರಿಸುವ ಹೊತ್ತಾಗಿತ್ತು. ದೊಡ್ಡ ಬಾಣಲೆಯ ಕಾದ ಮರಳಲ್ಲಿ ಕೊನೆಯ ಅಕ್ಕಿ ಚಟಚಟ ಅರಳುತ್ತಿತ್ತು. ತಗಡಿನ ಸೂರಿನ ಕೆಳಗೆ ಕಪ್ಪು ಹೊಗೆ ತೂಗಾಡುತ್ತಿತ್ತು. ಹನ್ನೆರಡು ವರ್ಷದ ಮೇಲೆ ಒಳಗೆ ಕಾಲಿಟ್ಟ ಜಬೀನಾಳಿಗೆ ಮೊದಲ ಉಸಿರಿಗೇ ಕೆಮ್ಮು ಬಂತು.

“ಬೆಂಕಿ ಆರಿಸಬೇಡ್ರಿ. ದಿನಾ ಹೆಂಗೆ ಉರಿಸ್ತೀರೋ ಹಂಗೇ ಇರಲಿ,” ಎಂದಳು.

ಅಲ್ಲಿ ಮೂವತ್ತನಾಲ್ಕು ಹೆಂಗಸರಿದ್ದರು. ಅವರಲ್ಲಿ ಹಿರಿಯಳು ಹಾಲವ್ವ. ಅರವತ್ತು ದಾಟಿದ, ಸೆರಗನ್ನು ಮೂಗಿಗೆ ಕಟ್ಟಿಕೊಂಡ ಹೆಂಗಸು.

“ಮೆಹರೂ ಹೆಂಗದಾಳೆ?”

ಜಬೀನಾ ಎಲ್ಲವನ್ನೂ ಹೇಳಿದಳು. ಹೊಗೆ, ಅಳತೆ, ಹನ್ನೆರಡು ಉಸಿರು, ಒಂದು ವರ್ಷದ ರದ್ದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಆ ಕೆಂಪು ಹಾಕೋರು ಯಾರವ್ವಾ?” ಹಾಲವ್ವ ಕೇಳಿದಳು. “ಮಿಷಿನ್ನೇ ಹಾಕ್ತದಾ?”

ಯಂತ್ರ ಎಂದುಬಿಟ್ಟಿದ್ದರೆ ಜಬೀನಾಳಿಗೆ ಅಲ್ಲಿಗೆ ಮುಗಿಯುತ್ತಿತ್ತು. “ಮಿಷಿನ್ ಹೇಳುತ್ತೆ. ಹೌದು ಅಂತ ಒತ್ತೋದು ನಾನು. ಮೂರು ವರ್ಷದಿಂದ ನಾನೇ. ಇವತ್ತು ಭಾಬಿದೂ ನಾನೇ ಒತ್ತೀನಿ.”

ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಜರಡಿಯನ್ನು ನೆಲಕ್ಕೆ ಬಿಸಾಡಿ ಮುಂದೆ ಬಂದಳು. “ನಮ್ಮ ಪಕ್ಕ ಕುಂತು ಇದೇ ಮರಳು ಜರಡಿ ಹಿಡಿದೋಳಲ್ಲೇನೇ ನೀನು! ನಮ್ಮ ಉಸಿರು ನಿನಗೆ ಗೊತ್ತಾಗಲಿಲ್ಲೇನು? ನನ್ನ ತಂಗಿ ಎರಡು ತಿಂಗಳಿಂದ ಗೋಡೆಗೆ ಒರಗಿ ಕುಂತೇ ನಿದ್ದೆ ಮಾಡ್ತಾಳೆ.”

ಜಬೀನಾ ತಲೆ ಎತ್ತಲಿಲ್ಲ. “ಗೊತ್ತಾಗಬೇಕಿತ್ತು,” ಎಂದಳು.

ಹಾಲವ್ವ ಮೂಗಿನ ಸೆರಗು ಇಳಿಸಿದಳು. “ಸುಳ್ಳು ಹೇಳಿದ್ರೆ ಬಡಿದು ಹೊರಗೆ ಹಾಕ್ತಿದ್ದೆ. ಬಯ್ಯೋದು ಆಮೇಲೆ ಬಯ್ಯೋಣ, ಬೇಕಾದಷ್ಟು ಐತೆ. ಮೊದಲು ಮೆಹರೂ ಉಳೀಲಿ. ಕಾಯಿಲೆ ಇಲ್ದೋರು ಯಾರು ಅಂತ ಹೆಂಗೆ ಹಿಡಿಯೋದು, ಅದ ಹೇಳು.”

“ದಮ್ಮು ಇರಬಾರದು. ಕೆಮ್ಮು ಇರಬಾರದು.”

“ಹಂಗಾರೆ ಗೋಡೌನ್ ಮೆಟ್ಲು ಐತಲ್ಲ. ಎರಡು ಸಲ ಹತ್ತಿ ಇಳೀರಿ ಎಲ್ಲಾರೂ.”

ಭಟ್ಟಿಯ ಪಕ್ಕದ ಗೋಡೌನಿಗೆ ಇಪ್ಪತ್ತೆರಡು ಕಲ್ಲಿನ ಮೆಟ್ಟಿಲು. ಹೆಂಗಸರು ಸೀರೆ ಎತ್ತಿ ಸಿಕ್ಕಿಸಿಕೊಂಡು, ಬುರ್ಖಾ ತೆಗೆದಿಟ್ಟು ಸಾಲಾಗಿ ಹತ್ತತೊಡಗಿದರು. ಮೊದಲು ನಗು, ತಮಾಷೆ ಇತ್ತು. ಎರಡನೇ ಸುತ್ತಿಗೆ ನಗು ನಿಂತಿತು. ಒಬ್ಬಳು ಮಧ್ಯದಲ್ಲೇ ಗೋಡೆ ಹಿಡಿದಳು. ಇನ್ನೊಬ್ಬಳು, ಮದುವೆಯಾಗಿ ನಾಲ್ಕು ವರ್ಷವೂ ಆಗಿರಲಿಲ್ಲ, ಮೇಲಿನ ಮೆಟ್ಟಿಲ ಮೇಲೆ ಕುಕ್ಕರಿಸಿ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು. ತನಗೆ ಹೀಗಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹಾಲವ್ವ ಹನ್ನೊಂದನೇ ಮೆಟ್ಟಿಲಲ್ಲಿ ಕೂತುಬಿಟ್ಟಳು. “ನಂದು ಬಿಡು,” ಎಂದು ಕೈಯಾಡಿಸಿದಳು.

ಏದುಸಿರಿಲ್ಲದೆ ಕೆಳಗೆ ಬಂದು ನಿಂತವರು ಒಂಬತ್ತು ಜನ. ಮೂವತ್ತನಾಲ್ಕರಲ್ಲಿ ಒಂಬತ್ತು.

ಅಷ್ಟು ವರ್ಷ ಜೊತೆಗೆ ಕೂತು ಚಹಾ ಕುಡಿದವರು ಈಗ ಮೊದಲ ಸಲ ಒಬ್ಬರನ್ನೊಬ್ಬರು ಎಣಿಸಿ ನೋಡುತ್ತಿದ್ದರು.

“ಇನ್ನೂ ಮೂವರು ಬೇಕು,” ಎಂದಳು ಜಬೀನಾ. ಗಂಟೆ ಒಂದೂ ನಲವತ್ತು.

ಜರಡಿ ಬಿಸಾಡಿದ್ದವಳೇ ಸೆರಗು ಬಿಗಿದುಕೊಂಡು ಪಕ್ಕದ ಭಟ್ಟಿಗಳ ಕಡೆ ನಡೆದಳು. ಅಷ್ಟರಲ್ಲಿ ಜಬೀನಾ ಊದುಗೊಳವೆಯನ್ನು ಬಾಣಲೆಯ ಪಕ್ಕ, ಹೆಂಗಸರು ಕೂರುವ ಎತ್ತರಕ್ಕೆ ಇಟ್ಟು ಅದರ ಬಾಯಿ ತೆರೆದಳು. ಅದು ಹನ್ನೊಂದು ನಿಮಿಷ ಹೊಗೆ ಕುಡಿಯಬೇಕಿತ್ತು. ಅದರ ಪಕ್ಕದಲ್ಲಿ ಕೂತ ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಹೊಗೆಗೋ ಬೇರೆಯದಕ್ಕೋ ಅವಳಿಗೆ ತಿಳಿಯಲಿಲ್ಲ. ಅಫ್ಶೀನ್‌ಳಿಂದ ಸಂದೇಶ ಬಂತು: ‘ಆಕ್ಸಿಜನ್ ಜಾಸ್ತಿ ಮಾಡಿದಾರೆ. ಮಾತಾಡ್ತಿಲ್ಲ.’

ಎರಡೂ ಕಾಲಿಗೆ ಮೂವರು ಸಿಕ್ಕರು. ಆ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದ ಅಕ್ಕ ತಂಗಿ, ಮತ್ತೊಬ್ಬಳು ಗಟ್ಟಿಮುಟ್ಟಾದ ನಡುವಯಸ್ಸಿನವಳು. ಒಬ್ಬೊಬ್ಬರೇ ಊದಿದರು. ಪ್ರತಿ ಸಲ ಊದಿದಾಗಲೂ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು, ಏಕೆಂದರೆ ಹೊಸ ಆಧಾರವನ್ನು ಯಂತ್ರ ಇನ್ನೂ ಒಪ್ಪಿರಲಿಲ್ಲ. ಕೆಂಪು ಕಂಡಾಗಲೆಲ್ಲ ಊದಿದವಳು ಜಬೀನಾಳ ಮುಖ ನೋಡುತ್ತಿದ್ದಳು. ಅವರಲ್ಲಿ ಎಂಟು ಜನ ಬೀಗ ಬಿದ್ದವರು. ಆ ಎಂಟು ಮನೆಗಳಿಗೆ ಒಂದು ವರ್ಷ ಯಾವ ರಕ್ಷೆಯೂ ಇಲ್ಲದಂತಾಗುವುದನ್ನು ಅವಳು ಕೈಯಾರೆ ಮಾಡುತ್ತಿದ್ದಳು.

ಕೊನೆಗೆ ಹಾಲವ್ವ ಮುಂದೆ ಬಂದಳು. “ನಾನೂ ಊದ್ತೀನಿ ಕೊಡು.”

“ನಿಮ್ಮದು ಲೆಕ್ಕಕ್ಕೆ ಬರಲ್ಲ ಹಾಲವ್ವ. ದಮ್ಮಿದೆಯಲ್ಲ.”

“ಅದಕ್ಕೇ ಊದ್ತೀನಿ. ನಿನ್ನ ಮಿಷಿನ್ನು ರಿಪೇರಿ ಆತೋ ಇಲ್ಲೋ ಅಂತ ಗೊತ್ತಾಗಾಕೆ ರೋಗಸ್ತರು ಒಬ್ಬರು ಬೇಕಲ್ಲ?”

ಜಬೀನಾ ನಿಯಂತ್ರಣ ಕೇಂದ್ರಕ್ಕೆ ಬಂದಾಗ ಮೂರೂ ಹತ್ತು. ವಿಶ್ವಾರಾಧ್ಯ ಅವಳ ಮೇಜಿನ ಬಳಿಯೇ ನಿಂತಿದ್ದರು. ಪರದೆಯ ಮೇಲೆ ಎಚ್ಚರಿಕೆ ಮಿಣುಕುತ್ತಿತ್ತು: ಬೀಗ ಬಿದ್ದ ಒಂಬತ್ತು ಜನ ಊದಿದ್ದಾರೆ, ಒಂದು ಗಂಟೆಯೊಳಗೆ ವರದಿ ಮಾಡತಕ್ಕದ್ದು.

“ಇದನ್ನು ಮೇಲಕ್ಕೆ ಕಳಿಸಲೇಬೇಕು,” ಎಂದರು ಅವರು.

“ಕಳಿಸಿ ಸರ್. ಅದಕ್ಕೆ ಮುಂಚೆ ನಾಲ್ಕನೇ ನಿಯಮ ಓದಿ.” ಅವಳು ಮುದ್ರಿತ ಪುಸ್ತಕ ತೆರೆದಿಟ್ಟಳು. ‘ಮಾದರಿ ಕೊಡುವವರು ಉಸಿರಾಡುವ ಗಾಳಿಯನ್ನು ಆಧಾರವಾಗಿ ಹಿಡಿಯತಕ್ಕದ್ದು.’

ವಿಶ್ವಾರಾಧ್ಯ ಓದಲಿಲ್ಲ. “ಆ ವಾಕ್ಯ ಬರೆದವನೇ ನಾನು,” ಎಂದರು ಮೆಲ್ಲಗೆ. “ಬರೆಯುವಾಗ ಕ್ಲಿನಿಕ್ಕಿನ ಗಾಳಿ ಅಂತಲೇ ಅಂದುಕೊಂಡಿದ್ದೆ. ಬೇರೆ ಗಾಳಿ ತಲೆಗೇ ಬರಲಿಲ್ಲ.”

“ಅವರು ಉಸಿರಾಡೋದು ಆ ಹೊಗೆಯನ್ನೇ ಸರ್. ದಿನಕ್ಕೆ ಹತ್ತು ಗಂಟೆ. ಕಾಯಿಲೆ ಇಲ್ಲದ ಹನ್ನೆರಡು ಜನರ ಜೊತೆ ದಮ್ಮಿರೋ ಒಬ್ಬ ಮುದುಕಿ ಕೈಲೂ ಊದಿಸಿದೀನಿ.”

ಅವರು ಕುರ್ಚಿ ಎಳೆದು ಕೂತರು. “ಹನ್ನೊಂದು ಜನರ ಉಸಿರಿನಿಂದ ಆಧಾರ ಕಟ್ಟು. ಹನ್ನೆರಡನೆಯವಳನ್ನು ಹೊರಗಿಡು. ಅವಳಿಗೂ ಕಾಯಿಲೆ ಅಂತ ತೋರಿಸಿದರೆ ನಿನ್ನ ಯಂತ್ರ ಎಲ್ಲರಿಗೂ ಹಸಿರು ಹಂಚುತ್ತೆ. ಆಗ ನಾನು ಇದನ್ನು ಅಳಿಸಿ ಹಾಕ್ತೀನಿ.”

ಯಂತ್ರ ಲೆಕ್ಕ ಹಾಕಲು ಇಪ್ಪತ್ತಾರು ನಿಮಿಷ ತೆಗೆದುಕೊಂಡಿತು. ಜಬೀನಾ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಿದ್ದಳು. ಅದು ಎರಡು ಸಲ ಅದುರಿತು. ಅವಳು ಎತ್ತಲಿಲ್ಲ; ಎತ್ತುವ ಧೈರ್ಯವಿರಲಿಲ್ಲ.

ಮೂರೂ ನಲವತ್ತೆಂಟಕ್ಕೆ ಹನ್ನೆರಡನೆಯವಳ ಗೆರೆ ಮೂಡಿತು. ಡುಬ್ಬ ಕುಸಿದು ನೆಲಸಮವಾಯಿತು. ದೀಪ: ಹಳದಿ.

ವಿಶ್ವಾರಾಧ್ಯ ತುಸು ಮುಂದಕ್ಕೆ ಬಾಗಿದರು. “ಆ ಮುದುಕಿಯದ್ದು.”

ಹಾಲವ್ವನ ಗೆರೆ. ಡುಬ್ಬ ಇಳಿಯಿತು. ಅದರ ಹಿಂದೆ ಇಷ್ಟು ದಿನ ಅಡಗಿದ್ದ ಮೂರು ಸಣ್ಣ ಮುಳ್ಳುಗಳು ಎದ್ದು ನಿಂತವು. ಹಸಿರು.

“ಈಗ ನಿನ್ನ ಅತ್ತಿಗೇದು.”

ಬೆಳಗ್ಗೆ ಒಂಬತ್ತು ಹನ್ನೆರಡರ ಮಾದರಿಯನ್ನು ಅವಳು ಮತ್ತೆ ತೆರೆದಳು. ಗೆರೆ ನಿಧಾನಕ್ಕೆ ಇಳಿಯಿತು, ತಡೆಯಿತು, ಮತ್ತೆ ಇಳಿಯಿತು. ಹಸಿರು. ಕೆಳಗೆ ಯಂತ್ರ ಕಾಯಿಲೆಯ ಹೆಸರು ಬರೆಯಿತು. ಡಾಕ್ಟರ್ ತಿಪ್ಪೇಸ್ವಾಮಿ ಸ್ಕ್ಯಾನಿನಲ್ಲಿ ಕಂಡದ್ದೇ ಅದು. ಯಂತ್ರಕ್ಕೆ ಅದನ್ನು ಯಾರೂ ಹೇಳಿರಲಿಲ್ಲ.

ಹೊಸ ಆಧಾರ ಜಾರಿಯಾಗಬೇಕಾದರೆ ಮುಖ್ಯಸ್ಥರು ‘ಖಚಿತ’ ಒತ್ತಬೇಕಿತ್ತು. ಒತ್ತಿದರೆ ಅದು ಭಾಬಿ ಒಬ್ಬಳದ್ದಲ್ಲ, ಆ ನಾನೂರ ಹನ್ನೆರಡೂ ಮಾದರಿಗಳು ಮತ್ತೆ ಲೆಕ್ಕಕ್ಕೆ ಬರುತ್ತವೆ. ಅಷ್ಟು ಜನರ ವಿಷಯದಲ್ಲಿ ತಪ್ಪಾಗಿತ್ತು ಎಂದು ಕೇಂದ್ರವೇ ಒಪ್ಪಿಕೊಂಡಂತೆ.

“ಸಮಿತಿ ನನ್ನನ್ನು ಕೇಳುತ್ತೆ, ಯಾರಪ್ಪಣೆ ಮೇಲೆ ಅಂತ,” ಎಂದರು ವಿಶ್ವಾರಾಧ್ಯ, ತಮ್ಮಷ್ಟಕ್ಕೆ ತಾವೇ.

ಜಬೀನಾ ಸುಮ್ಮನಿದ್ದಳು. ಅಂಗಲಾಚಿದರೆ ಆ ಮನುಷ್ಯ ಹಿಂದೆ ಸರಿದುಬಿಡುತ್ತಾರೆ ಎಂದು ಅವಳಿಗೆ ಅನಿಸಿತು.

ನಾಲ್ಕು ಗಂಟೆ ನಾಲ್ಕು ನಿಮಿಷಕ್ಕೆ ಅವರು ಒತ್ತಿದರು. ಪರದೆಯ ಮೇಲಿನ ಕೆಂಪು ಸಾಲುಗಳು ಮೇಲಿನಿಂದ ಒಂದೊಂದಾಗಿ ಬಣ್ಣ ಬದಲಿಸತೊಡಗಿದವು. ಹಳದಿ, ಹಸಿರು, ಹಸಿರು, ಹಸಿರು. ಸ್ವಲ್ಪ ಹೊತ್ತಿನ ಮೇಲೆ ವಿಶ್ವಾರಾಧ್ಯ ಮುಖ ತಿರುಗಿಸಿದರು. “ನೀನು ಆಸ್ಪತ್ರೆಗೆ ಹೋಗು. ಇನ್ನುಳಿದದ್ದು ನಾನು ನೋಡ್ಕೋತೀನಿ.”

ಅವಳು ತಲುಪುವಷ್ಟರಲ್ಲಿ ಥಿಯೇಟರಿನ ಬಾಗಿಲು ಮುಚ್ಚಿ ಕೆಲಸ ಶುರುವಾಗಿತ್ತು. ಅಫ್ಶೀನ್ ಹೊರಗೆ ಬೆಂಚಿನ ಮೇಲೆ ದುಪಟ್ಟಾದ ಅಂಚು ಕಚ್ಚಿಕೊಂಡು ಕೂತಿದ್ದಳು. ಜಬೀನಾ ಅವಳ ಪಕ್ಕ ಕೂತಳು. ಏಳಕ್ಕೆ ಸ್ವಲ್ಪ ಮುಂಚೆ ನರ್ಸ್ ಒಬ್ಬಳು ಗಾಲಿಯ ಮೇಜು ತಳ್ಳಿಕೊಂಡು ಬಂದಳು. ಅದರ ಮೇಲೆ ಸಾಲಾಗಿ ಗಾಜಿನ ಜಾಡಿಗಳು. ಮೊದಲನೆಯದರಲ್ಲಿ ಬೂದಿ ಕಲಸಿದ ಗಟ್ಟಿ ಹಾಲಿನಂಥದ್ದು. ಮುಂದಿನವು ತೆಳುವಾಗುತ್ತಾ ಬಂದು, ಕೊನೆಯದರಲ್ಲಿ ಹೆಚ್ಚೂಕಡಿಮೆ ಬರೀ ನೀರು.

“ಒಂದು ಕಡೆಯದು ಆಯ್ತು,” ಎಂದರು ತಿಪ್ಪೇಸ್ವಾಮಿ ಹಿಂದಿನಿಂದ ಬಂದು. ಅವರ ಮುಖ ಬಾಡಿತ್ತು. “ಇನ್ನೊಂದು ಕಡೆ ನಾಲ್ಕು ದಿನ ಬಿಟ್ಟು. ಉಳೀತಾರೆ. ಆದರೆ ಭಟ್ಟಿ ಕಡೆ ತಲೆ ಹಾಕಿಯೂ ಮಲಗಬಾರದು. ಒಳಗೆ ಗಾಯ ಆಗಿರೋದು ತೊಳೆದರೆ ಹೋಗಲ್ಲ.”

ಅಫ್ಶೀನ್ ಜೋರಾಗಿ ಅತ್ತುಬಿಟ್ಟಳು. ಜಬೀನಾ ಅವಳನ್ನು ತಬ್ಬಿ ಹಿಡಿದು, ಆ ಮೊದಲನೇ ಜಾಡಿಯನ್ನೇ ನೋಡುತ್ತಿದ್ದಳು.

ಮರುದಿನ ಬೆಳಗ್ಗೆ ಅವಳು ಎಂಟಕ್ಕೇ ಕಚೇರಿಗೆ ಹೋದಳು. ನಾನೂರ ಹನ್ನೆರಡರಲ್ಲಿ ಇನ್ನೂರ ಎಂಬತ್ತೇಳು ಹಸಿರಾಗಿದ್ದವು. ಊದಿದ ಎಂಟು ಹೆಂಗಸರ ಮತ್ತು ಹಾಲವ್ವನ ರದ್ದು ತಾನಾಗಿ ಬಿದ್ದುಹೋಗಿತ್ತು. ಹಸಿರಾದರೆ ಮಾತ್ರ ಹೆಸರು ತೆರೆಯುತ್ತದೆ. ಮೂರು ವರ್ಷದಲ್ಲಿ ಮೊದಲ ಸಲ ಅವಳ ಪರದೆಯ ಮೇಲೆ ಹೆಸರುಗಳಿದ್ದವು. ಎಷ್ಟೋ ಹೆಸರು ಅವಳಿಗೆ ಗೊತ್ತಿದ್ದವೇ. ವಿಶ್ವಾರಾಧ್ಯರನ್ನು ವಿಚಾರಣೆಗೆ ರಾಜಧಾನಿಗೆ ಕರೆಸಿಕೊಂಡಿದ್ದರು. ಹೋಗುವ ಮೊದಲು ಅವರು ಹಸಿರಾದವರಿಗೆ ಫೋನು ಮಾಡಲು ಅವಳ ಮೇಜಿನ ಮೇಲೆ ಪಟ್ಟಿಯೊಂದನ್ನು ಇಟ್ಟು ಹೋಗಿದ್ದರು. ಪಕ್ಕದಲ್ಲಿ, ಫೋನಿನಲ್ಲಿ ಏನು ಹೇಳಬೇಕೆಂದು ಕಚೇರಿ ಕಳಿಸಿದ ಒಂದು ಹಾಳೆ: ‘ತಾಂತ್ರಿಕ ಕಾರಣದಿಂದ ವಿಳಂಬವಾಗಿದ್ದು...’

ಮೊದಲ ಮನೆಯವರು ಫೋನಿನಲ್ಲೇ ಕೂಗಾಡಿ, ಅಳುತ್ತಾ ಆಸ್ಪತ್ರೆಗೆ ಹೊರಟರು. ಎರಡನೆಯವರು ನಂಬಲೇ ಇಲ್ಲ; ಮೂರು ಸಲ ಹೇಳಿಸಿಕೊಂಡರು. ಮೂರನೇ ಹೆಸರು ರೇಣುಕಮ್ಮ. ಗಂಡಸಿನ ದನಿ ಎತ್ತಿಕೊಂಡಿತು.

“ರೇಣುಕಮ್ಮ ಅವರ ಮನೆನಾ ರೀ?”

“ಹೌದ್ರಿ. ನಾನು ಅವರ ಯಜಮಾನ.”

“ಜನರಕ್ಷೆಯಿಂದ ಮಾತಾಡ್ತಿದೀನಿ. ಅವರ ರಕ್ಷೆ ತೆರೆದೈತೆ ರೀ. ಇವತ್ತೇ ಅವರನ್ನ ಆಸ್ಪತ್ರೆಗೆ...”

“ಅವಳು ಹೋಗಿ ಇಪ್ಪತ್ತು ದಿನ ಆತ್ರಿ.”

ಜಬೀನಾ ಕಣ್ಣು ಮುಚ್ಚಿದಳು. ಆಚೆಯಿಂದ ಆ ಮನುಷ್ಯನ ಉಸಿರು ಕೇಳುತ್ತಿತ್ತು.

“ಈಗ ಕೊಟ್ಟೋರು ಆವಾಗ ಯಾಕೆ ಕೊಡಲಿಲ್ರಿ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯಬೇಕೆಂದು ಕೇಳುತ್ತಿದ್ದ. “ಮೂರು ಸಲ ಊದಿದ್ಲು. ಮೂರನೇ ಸಲ ನಾನೇ ಎತ್ತಿಕೊಂಡು ಹೋಗಿದ್ದೆ.”

ಅವಳು ಕಚೇರಿಯ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

“ಅವರದ್ದೇನೂ ತಪ್ಪಿರಲಿಲ್ಲ ರೀ. ನಮ್ಮ ಅಳತೆ ತಪ್ಪಿತ್ತು. ಅದನ್ನ ಸರಿ ಅಂತ ಒತ್ತಿದ್ದು ನಾನು. ನನ್ನ ಹೆಸರು ಜಬೀನಾ.”

ಆಚೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

“ಮಗಳು ಒಬ್ಬಳು ಅದಾಳ್ರಿ. ಅವರವ್ವನ ಜಾಗಕ್ಕೆ ಅದೇ ಭಟ್ಟಿಗೆ ಹೋಗ್ತಾಳೆ ಈಗ. ಅವಳು ಎಲ್ಲಿ ಬಂದು ಊದಬೇಕು, ಅದ ಹೇಳ್ರಿ.”

“ಎಲ್ಲಿಗೂ ಬರೋದು ಬೇಡ. ಯಾವ ಭಟ್ಟಿ ಅಂತ ಹೇಳ್ರಿ, ನಾನೇ ಬರ್ತೀನಿ.”

ಅವನು ಹೇಳಿದ. ಜಬೀನಾ ಬರೆದುಕೊಂಡಳು. ಪಟ್ಟಿಯಲ್ಲಿ ಇನ್ನೂ ಇನ್ನೂರ ಎಂಬತ್ತನಾಲ್ಕು ಹೆಸರುಗಳಿದ್ದವು.